ಅಕ್ಷರವೂ ಮನಸ್ಸೂ



ಕೆಲವು ಕಾಲದ ಕೆಳಗೆ ಒಂದು ಅಂಚೆಯ ಮನೆಯಲ್ಲಿ ನಾವು ನಮ್ಮ ಸರದಿಗಾಗಿ ಕಾದು ನಿಂತಿದ್ದಾಗ, ಹಳ್ಳಿಯಿಂದ ಬಂದಿದ್ದ ಒಬ್ಬ ವೃದ್ಧೆ ಕೈಯಲ್ಲಿದ್ದ ಅಚ್ಚಿನ ಕಾಗದವನ್ನು ನಮ್ಮ ಮುಂದೆ ಹಿಡಿದು, ಅದನ್ನು ತುಂಬಿಕೊಡಬೇಕೆಂದು ಕೇಳಿದಳು. ನಾವು ತುಂಬಿಕೊಟ್ಟೆವು, ಆಕೆ ಹೆಬ್ಬೆಟ್ಟನ್ನು ಒತ್ತಿದಳು, ಬಂದ ನೋಟುಗಳನ್ನು ಒಂದೂ ತಪ್ಪದೆ ಎಣಿಸಿ ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡಳು. ಹೊರಗೆ ಬಿಸಿಲು ಬಲವಾಗಿದ್ದುದರಿಂದ ಜಗಲಿಯ ಮೇಲೆ ಒಂದು ಗಳಿಗೆ ಮಾತಿಗೆ ಕುಳಿತೆವು. ಆಕೆಗೆ ಬೀಸುವ ಪದ, ಸೋಬಾನೆಯ ಪದ ಮೊದಲಾದುವು ಒಂದು ಇರುಳೆಲ್ಲ ಹಾಡಿದರೂ ಮುಗಿಯದಷ್ಟು ಬರುತ್ತಿದ್ದುವು. ಮೂರು ತಲೆಮಾರಿನ ನೆಂಟಸ್ತಿಕೆಯೂ, ಯಾರ ಹೊಲದ ಎಲ್ಲೆ ಯಾವ ಹುಣಿಸೆಯ ಮರದವರೆಗೆ ಎಂಬುದೂ, ಯಾರ ಮನೆಗೆ ಎಷ್ಟು ಹಾಲು ಹೋಯಿತು, ಎಷ್ಟು ಬಾಕಿ ಉಳಿಯಿತು ಎಂಬ ಲೆಕ್ಕವೂ ಆಕೆಯ ನಾಲಗೆಯ ತುದಿಯಲ್ಲಿದ್ದುವು. “ಇಷ್ಟೆಲ್ಲ ನೆನಪಿಟ್ಟುಕೊಂಡವರು ನಾಲ್ಕು ಅಕ್ಷರ ಕಲಿಯಬಾರದಾಗಿತ್ತೇನವ್ವ?” ಎಂದು ನಾವು ಕೇಳಿದೆವು. “ಅದು ನಮ್ ತಲೇಗೆ ಹತ್ತಾಕಿಲ್ಲ, ಸ್ವಾಮಿ. ನಮ್ಮಪ್ಪಂಗೂ ಹತ್ಲಿಲ್ಲ, ಅವರಪ್ಪಂಗೂ ಹತ್ಲಿಲ್ಲ. ರಕ್ತದಲ್ಲೇ ಬರ್ಬೇಕು ಅದು” ಎಂದು ಆಕೆ ಹೇಳಿ, ನಕ್ಕು, ಎದ್ದುಹೋದಳು.

ನಾವು ಆಗ ಏನೂ ಉತ್ತರವನ್ನು ಕೊಡಲಿಲ್ಲ. ಆದರೆ ‘ರಕ್ತದಲ್ಲೇ ಬರಬೇಕು’ ಎಂಬ ಮಾತು ನಮ್ಮನ್ನು ಬಹುದಿನ ಕಾಡಿತು. ಏಕೆಂದರೆ ಇದೇ ಮಾತನ್ನು ಆಕೆಗಿಂತ ದೊಡ್ಡ ಪೀಠಗಳ ಮೇಲೆ ಕುಳಿತವರು ಎಷ್ಟೋ ಸಾರಿ ಆಡಿದ್ದಾರೆ; ಅದನ್ನು ಕೇಳಿ ಕೇಳಿಯೇ ಆಕೆಯಂಥವರು ನಂಬಿದ್ದಾರೆ. ಮನುಷ್ಯನ ಮನಸ್ಸಿನಲ್ಲಿ ಹುಟ್ಟಿನಿಂದ ಬಂದದ್ದು ಎಷ್ಟು, ಬಳಕೆಯಿಂದ ಬಂದದ್ದು ಎಷ್ಟು? ಪ್ರಕೃತಿಯು ಲಕ್ಷಾಂತರ ವರ್ಷಗಳಲ್ಲಿ ರೂಪಿಸಿದುದನ್ನು ಸಂಸ್ಕೃತಿಯು ಒಂದು ಬಾಳಿನೊಳಗೆ ತಿದ್ದಬಲ್ಲುದೆ? ಈ ಪ್ರಶ್ನೆ ಬಹು ದೊಡ್ಡದು. ನಮಗಿರುವ ಹೊತ್ತು ಅಲ್ಪವಾದುದು. ಆದಕಾರಣ, ಆ ವೃದ್ಧೆ ನಮ್ಮ ಮುಂದಿಟ್ಟ ಒಂದೇ ಒಂದು ವಿದ್ಯೆಯನ್ನು, ಎಂದರೆ ಅಕ್ಷರವನ್ನು ಓದುವ ವಿದ್ಯೆಯನ್ನು, ನಿದರ್ಶನವಾಗಿಟ್ಟುಕೊಂಡು ವಿಚಾರಮಾಡೋಣ.

ಮೊದಲು ಕಾಲದ ಲೆಕ್ಕ. ನಮ್ಮಂಥ ಮನುಷ್ಯಜಾತಿ ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು ಮೂರು ಲಕ್ಷ ವರ್ಷಗಳಾದುವೆಂದು ಮೊರಾಕೊ ದೇಶದಲ್ಲಿ ದೊರೆತ ಎಲುಬುಗಳಿಂದ 2017ನೆಯ ಇಸವಿಯಲ್ಲಿ ಗೊತ್ತುಮಾಡಿದರು. ಬರಹವು ಮೆಸೊಪೊಟೇಮಿಯದ ಉರುಕ್ ಪಟ್ಟಣದಲ್ಲಿ, ಹಸಿಮಣ್ಣಿನ ಹಲಗೆಗಳ ಮೇಲೆ, ದವಸಧಾನ್ಯಗಳ ಲೆಕ್ಕವನ್ನು ಗುರುತುಹಾಕುವುದಕ್ಕಾಗಿ ಹುಟ್ಟಿ ಸುಮಾರು 5,300 ವರ್ಷಗಳಾದುವು. ಆ ಮೂರು ಲಕ್ಷ ವರ್ಷಗಳನ್ನು ನಡುರಾತ್ರಿಯಿಂದ ನಡುರಾತ್ರಿಯವರೆಗಿನ ಒಂದು ದಿನವನ್ನಾಗಿ ಭಾವಿಸಿಕೊಂಡರೆ, ಮನುಷ್ಯನು ಮೊದಲನೆಯ ಅಕ್ಷರವನ್ನು ಗೀಚಿದ್ದು ರಾತ್ರಿ ಹನ್ನೊಂದು ಗಂಟೆ ಮೂವತ್ತೈದು ನಿಮಿಷಕ್ಕೆ. ನಮ್ಮ ಹಲ್ಮಿಡಿಯ ಶಾಸನವನ್ನು ಕೆತ್ತಿದ್ದು ದಿನ ಮುಗಿಯುವುದಕ್ಕೆ ಏಳೆಂಟು ನಿಮಿಷಗಳಿರುವಾಗ. ಆಗಲೂ ಓದಬಲ್ಲವರು ಬೆರಳೆಣಿಕೆಯ ಮಂದಿ. 1951ನೆಯ ಇಸವಿಯ ಜನಗಣತಿಯಲ್ಲಿ ಕೂಡ, ಐದು ವರ್ಷ ತುಂಬಿದ ಭಾರತೀಯರಲ್ಲಿ ನೂರಕ್ಕೆ ಸುಮಾರು 18 ಜನ ಮಾತ್ರ ಅಕ್ಷರಸ್ಥರಾಗಿದ್ದರು. 2011ರ ವೇಳೆಗೆ, ಏಳು ವರ್ಷ ತುಂಬಿದವರಲ್ಲಿ ಆ ಸಂಖ್ಯೆ ಸುಮಾರು 73ಕ್ಕೆ ಏರಿತ್ತು. ಇಷ್ಟು ದೊಡ್ಡ ಪರಿವರ್ತನೆ ನಡೆದದ್ದು ನಮ್ಮ ಆ ಕಲ್ಪಿತ ದಿನದ ಕೊನೆಯ ಅರ್ಧ ನಿಮಿಷದೊಳಗೆ.

ಇಷ್ಟರಿಂದಲೇ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಓದುವುದಕ್ಕೆಂದೇ ಒಂದು ಅಂಗವನ್ನಾಗಲಿ ಮೆದುಳಿನ ಒಂದು ಭಾಗವನ್ನಾಗಲಿ ಜೀವವಿಕಾಸವು ನಿರ್ಮಿಸಿರಲಾರದು. ಅದಕ್ಕೆ ಕಾಲ ಸಾಲದು. ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು. ಸಂಸ್ಕೃತಿಯು ರಕ್ತವನ್ನೂ ಬದಲಾಯಿಸಿದ ಉದಾಹರಣೆಗಳಿಲ್ಲವೆ? ಇವೆ. ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕುಂದಿಹೋಗುವುದು ಸಸ್ತನಿಗಳ ಸಾಮಾನ್ಯಧರ್ಮ. ಹಸು ಎಮ್ಮೆಗಳನ್ನು ಸಾಕಿ ಹಾಲನ್ನು ಕುಡಿಯುತ್ತ ಬಂದ ಕೆಲವು ಜನಾಂಗಗಳಲ್ಲಿ, ಕಳೆದ ಕೆಲವು ಸಾವಿರ ವರ್ಷಗಳಲ್ಲಿ, ಆ ಶಕ್ತಿ ಬಾಳಿನುದ್ದಕ್ಕೂ ಉಳಿಯುವಂಥ ಮಾರ್ಪಾಟು ವಂಶಪರಂಪರೆಯಲ್ಲಿ ಹರಡಿತು. ಇಲ್ಲಿ ಬಳಕೆ ಮುಂದಾಯಿತು, ರಕ್ತ ಹಿಂಬಾಲಿಸಿತು. ಆದರೆ ಇದು ನಡೆಯಬೇಕಾದರೆ, ಹಾಲನ್ನು ಅರಗಿಸಿಕೊಳ್ಳಬಲ್ಲವರ ಸಂತಾನ ಅರಗಿಸಿಕೊಳ್ಳಲಾರದವರ ಸಂತಾನಕ್ಕಿಂತ ತಲೆಮಾರು ತಲೆಮಾರಿಗೂ ಹೆಚ್ಚಾಗುತ್ತ ಬರಬೇಕು. ಓದಿನ ವಿಷಯದಲ್ಲಿ ಅಂಥದು ನಡೆದಿಲ್ಲ. ಇಂದು ಸರಾಗವಾಗಿ ಓದುವ ನಮ್ಮಲ್ಲಿ ಬಹುಮಂದಿಯ ಪೂರ್ವಿಕರು ನಾಲ್ಕೈದು ತಲೆಮಾರಿನ ಹಿಂದೆ ಹೆಬ್ಬೆಟ್ಟನ್ನು ಒತ್ತುತ್ತಿದ್ದವರೇ. ಅವರ ರಕ್ತವೇ ನಮ್ಮದು. ಆದರೂ ನಾವು ಓದುತ್ತೇವೆ.

ಹೀಗಿರಲಾಗಿ, ಒಂದು ಒಗಟು ಹುಟ್ಟುತ್ತದೆ. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಜೀವಿಸುತ್ತಿದ್ದ ಪ್ರಾಣಿಗೆ ಮುಂದೆ ಎಂದೋ ಬೇಕಾಗಬಹುದಾದ ಶಕ್ತಿಯನ್ನು ಪ್ರಕೃತಿಯು ಮೊದಲೇ ಕೊಟ್ಟಿತೆ? ಈ ಒಗಟನ್ನು ಮೊದಲು ಗಟ್ಟಿಯಾಗಿ ಹಿಡಿದವನು ಆಲ್ಫ್ರೆಡ್ ರಸೆಲ್ ವಾಲೇಸ್. ಈತನು ಡಾರ್ವಿನ್ನನ ಜೊತೆಯಲ್ಲಿಯೇ, 1858ರಲ್ಲಿ, ನೈಸರ್ಗಿಕ ಆಯ್ಕೆಯ ತತ್ತ್ವವನ್ನು ಲೋಕಕ್ಕೆ ತಿಳಿಸಿದವನು. ಅಮೆಜಾನ್ ನದಿಯ ಕಾಡುಗಳಲ್ಲಿಯೂ ಮಲಯ ದ್ವೀಪಗಳಲ್ಲಿಯೂ ಹಲವು ವರ್ಷ ಕಾಡಿನ ಜನರ ನಡುವೆ ಬಾಳಿದವನಾದುದರಿಂದ, ಅವರ ಮೆದುಳು ಯೂರೋಪಿನ ಪಂಡಿತರ ಮೆದುಳಿಗಿಂತ ಕೀಳಲ್ಲವೆಂಬುದನ್ನು ಆತನು ಕಂಡಿದ್ದನು. ಗಣಿತ ತತ್ತ್ವಶಾಸ್ತ್ರಗಳ ಸೋಂಕೇ ಇಲ್ಲದವರಿಗೆ ಅವುಗಳನ್ನು ಕಲಿಯಬಲ್ಲ ಮೆದುಳೇಕೆ? ಉಪಯೋಗವಿಲ್ಲದ್ದನ್ನು ನೈಸರ್ಗಿಕ ಆಯ್ಕೆ ಉಳಿಸುವುದಿಲ್ಲವಲ್ಲ! ಆದಕಾರಣ ಮನುಷ್ಯನ ಮನಸ್ಸನ್ನು ಯಾವುದೋ ಮೇಲಣ ಶಕ್ತಿಯು ರೂಪಿಸಿರಬೇಕೆಂದು 1869ರಲ್ಲಿ ಆತನು ಬರೆದನು. ಆ ಲೇಖನವನ್ನು ಓದಿದ ಡಾರ್ವಿನ್ನನು ತನ್ನ ಪ್ರತಿಯ ಅಂಚಿನಲ್ಲಿ ‘ಇಲ್ಲ’ ಎಂದು ಬರೆದು, ಅಡಿಗೆರೆಯ ಮೇಲೆ ಅಡಿಗೆರೆಯನ್ನೆಳೆದನು. ಆದರೆ ಅಂಚಿನಲ್ಲಿ ‘ಇಲ್ಲ’ ಎಂದು ಬರೆಯುವುದು ಸುಲಭ. ಒಗಟನ್ನು ಬಿಡಿಸುವುದು ಕಷ್ಟ. ಅದು ಬಿಡಿಸಿಕೊಳ್ಳುವುದಕ್ಕೆ ಒಂದು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು.

ಮೊದಲನೆಯ ಸುಳಿವು ದೊರೆತದ್ದು ಪ್ಯಾರಿಸ್ ನಗರದಲ್ಲಿ. 1887ನೆಯ ಇಸವಿಯ ಅಕ್ಟೋಬರಿನಲ್ಲಿ, ವ್ಯಾಪಾರದಿಂದ ನಿವೃತ್ತನಾಗಿ ಸಂಗೀತಸಾಹಿತ್ಯಗಳಲ್ಲಿ ಸುಖವಾಗಿ ಕಾಲ ಕಳೆಯುತ್ತಿದ್ದ ಒಬ್ಬ ಸಂಸ್ಕಾರವಂತನಿಗೆ ಇದ್ದಕ್ಕಿದ್ದ ಹಾಗೆ ಒಂದಕ್ಷರವೂ ಓದಲಾಗದೆ ಹೋಯಿತು. ಕಣ್ಣಿನ ದೋಷವಿರಬೇಕೆಂದು ಆತನು ನೇತ್ರವೈದ್ಯನಲ್ಲಿಗೆ ಹೋದನು. ಅಲ್ಲಿಂದ ಆತನನ್ನು ನರರೋಗಗಳ ವೈದ್ಯನಾದ ಜೂಲ್ ದೆಜೆರೀನನಲ್ಲಿಗೆ ಕಳುಹಿಸಿದರು. ಪರೀಕ್ಷಿಸಿದವರಿಗೆ ಆಶ್ಚರ್ಯವಾಯಿತು. ಆತನು ಮನುಷ್ಯರ ಮುಖಗಳನ್ನು ಗುರುತಿಸುತ್ತಿದ್ದನು, ವಸ್ತುಗಳನ್ನು ನೋಡಿ ಹೆಸರು ಹೇಳುತ್ತಿದ್ದನು, ಅಂಕೆಗಳನ್ನು ಓದುತ್ತಿದ್ದನು, ಮಾತಿನಲ್ಲಿ ಯಾವ ಕುಂದೂ ಇರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ಆತನು ತಪ್ಪಿಲ್ಲದೆ ಬರೆಯುತ್ತಿದ್ದನು. ಬರೆದು ಮುಗಿಸಿದ ಮೇಲೆ, ತಾನು ಬರೆದುದನ್ನೇ ಓದಲಾರದೆ ಹೋಗುತ್ತಿದ್ದನು! ಅಕ್ಷರಗಳ ಆಕಾರ ಆತನಿಗೆ ಕಾಣುತ್ತಿರಲಿಲ್ಲವೆಂದಲ್ಲ. ರೋಮನ್ ಲಿಪಿಯ ‘ಎ’ ಅಕ್ಷರವನ್ನು ಚಿತ್ರಗಾರನ ಹಲಗೆಯ ಆಧಾರದಂತಿದೆ ಎಂದನು. ‘ಝಡ್’ ಹಾವಿನಂತಿದೆ ಎಂದನು. ‘ಪಿ’ ಪಟ್ಟಿಯ ಬಕಲಿನಂತಿದೆ ಎಂದನು. ಅವು ಆತನ ಪಾಲಿಗೆ ಚಿತ್ರಗಳಾಗಿ ಉಳಿದಿದ್ದುವು, ಅಕ್ಷರಗಳಾಗಿ ಸತ್ತಿದ್ದುವು. ಆದರೆ ಅಕ್ಷರದ ಮೇಲೆ ಬೆರಳನ್ನಾಡಿಸಿದಾಗ, ಕಣ್ಣಿಗೆ ತಿಳಿಯದಿದ್ದುದು ಕೈಗೆ ತಿಳಿದು, ಅದರ ಹೆಸರನ್ನು ಹೇಳಿಬಿಡುತ್ತಿದ್ದನು.

1892ರಲ್ಲಿ ಆತನು ತೀರಿಕೊಂಡ ಮೇಲೆ ದೆಜೆರೀನನು ಮೆದುಳನ್ನು ಪರೀಕ್ಷಿಸಿದನು. ಎಡಭಾಗದ ಹಿಂಬದಿಯಲ್ಲಿಯೂ, ಎಡಬಲಗಳನ್ನು ಕೂಡಿಸುವ ನರತಂತುಗಳ ಹಿಂತುದಿಯಲ್ಲಿಯೂ ಹಳೆಯ ಗಾಯ ಕಂಡುಬಂದಿತು. ಈಚಿನ ಯಂತ್ರಗಳು ಬದುಕಿರುವ ಮನುಷ್ಯನ ಮೆದುಳಿನಲ್ಲಿ ರಕ್ತಸಂಚಾರ ಎಲ್ಲಿ ಹೆಚ್ಚುತ್ತದೆಂಬುದನ್ನು ತೋರಿಸಬಲ್ಲುವಾದುದರಿಂದ, ಓದಿನ ಎಡೆಯನ್ನು ಇನ್ನೂ ನಿಖರವಾಗಿ ಗೊತ್ತುಮಾಡುವುದು ಸಾಧ್ಯವಾಗಿದೆ. ಫ್ರಾನ್ಸಿನ ಲೋರಾನ್ ಕೊಹೆನ್, ಸ್ತಾನಿಸ್ಲಾಸ್ ದೆಹೇನ್ ಎಂಬ ವಿದ್ವಾಂಸರು ಮತ್ತು ಅವರ ಸಂಗಡಿಗರು 2000ದ ಸುಮಾರಿನಿಂದ ತೋರಿಸಿರುವಂತೆ, ಎಡಗಡೆ, ಮೆದುಳಿನ ತಳದಲ್ಲಿ, ಕಿವಿಯ ಹಿಂದಕ್ಕೆ ಸರಿದ ಒಂದು ಪುಟ್ಟ ಪಟ್ಟಿ ಲಿಖಿತ ಪದಗಳನ್ನು ಕಂಡೊಡನೆ ಎಚ್ಚರಗೊಳ್ಳುತ್ತದೆ. ಎಡದಿಂದ ಬಲಕ್ಕೆ ಓದುವ ಫ್ರೆಂಚರಲ್ಲಿಯೂ, ಬಲದಿಂದ ಎಡಕ್ಕೆ ಓದುವ ಹೀಬ್ರೂ ಜನರಲ್ಲಿಯೂ, ಚಿತ್ರದಂಥ ಅಕ್ಷರಗಳನ್ನು ಓದುವ ಚೀನೀಯರಲ್ಲಿಯೂ ಅದು ಹೆಚ್ಚುಕಡಮೆ ಒಂದೇ ಎಡೆ. ಅಂತರ ಕೆಲವು ಮಿಲಿಮೀಟರುಗಳಷ್ಟೆ. ಹುಟ್ಟುಗುರುಡರು ಬೆರಳಿನಿಂದ ಬ್ರೈಲ್ ಚುಕ್ಕೆಗಳನ್ನು ಓದುವಾಗಲೂ ಅದೇ ಎಡೆ ಕೆಲಸಮಾಡುತ್ತದೆಂದು 2011ರಲ್ಲಿ ಕಂಡುಬಂದಿತು.

ಈಗ ಒಗಟು ಇನ್ನೂ ಬಿಗಿಯಾಯಿತು. ಓದುವುದಕ್ಕೆ ವಿಕಾಸದಲ್ಲಿ ಕಾಲವಿರಲಿಲ್ಲವೆಂದು ಒಂದು ಕಡೆ ಲೆಕ್ಕ ಹೇಳುತ್ತದೆ. ಓದುವುದಕ್ಕೆ ಎಲ್ಲರ ಮೆದುಳಿನಲ್ಲಿಯೂ ಗೊತ್ತಾದ ಒಂದು ಎಡೆಯುಂಟೆಂದು ಮತ್ತೊಂದು ಕಡೆ ಯಂತ್ರ ಹೇಳುತ್ತದೆ. ಎರಡೂ ನಿಜವಾಗುವುದು ಹೇಗೆ?

ಉತ್ತರವು ನಮ್ಮ ಸಂಸಾರದ ಅನುಭವಕ್ಕೆ ದೂರವಾದುದಲ್ಲ. ಹಳೆಯ ಮನೆಯಲ್ಲಿ ಮಗನಿಗೆ ಓದಿನ ಕೋಣೆ ಬೇಕಾದರೆ, ನಾವು ಮನೆಯನ್ನೇ ಕೆಡವಿ ಕಟ್ಟುವುದಿಲ್ಲ. ಬೆಳಕು ಚೆನ್ನಾಗಿ ಬೀಳುವ ಯಾವುದೋ ಒಂದು ಕೋಣೆಯನ್ನು ತೆರವುಮಾಡಿಕೊಡುತ್ತೇವೆ. ಮೆದುಳಿನ ಆ ಪಟ್ಟಿಯೂ ಹಾಗೆಯೇ. ಅದು ಮೊದಲಿನಿಂದ ವಸ್ತುಗಳ ಆಕಾರವನ್ನು, ಅಂಚು ಅಂಚು ಕೂಡುವ ಮೂಲೆಗಳನ್ನು, ಮುಖಗಳನ್ನು ಗುರುತಿಸುವ ಭಾಗಕ್ಕೆ ಸೇರಿದುದು. ಮೇಲಾಗಿ ಮಾತಿನ ಕೇಂದ್ರಗಳಿಗೆ ಅಲ್ಲಿಂದ ಹತ್ತಿರದ ದಾರಿಯುಂಟು. ಸೂಕ್ಷ್ಮವಾದ ಆಕಾರವನ್ನು ಗುರುತಿಸಿ ಮಾತಿಗೆ ಕೂಡಿಸಬೇಕಾದ ಹೊಸ ಕೆಲಸವು ಬಂದಾಗ, ಅದಕ್ಕೆ ತಕ್ಕ ಕೋಣೆ ಎಲ್ಲರ ತಲೆಯಲ್ಲಿಯೂ ಅದೇ ಆಗಿತ್ತು. ದೆಹೇನರು ಇದನ್ನು ಹಳೆಯ ನರಮಂಡಲದ ಮರುಬಳಕೆ ಎಂದು ಕರೆಯುತ್ತಾರೆ. ವಾಲೇಸನ ಸಂದೇಹಕ್ಕೆ ಉತ್ತರವಿಲ್ಲಿದೆ. ಪ್ರಕೃತಿಯು ಓದುವ ಶಕ್ತಿಯನ್ನು ಮುಂಗಡವಾಗಿ ಕೊಟ್ಟಿರಲಿಲ್ಲ. ಕಾಡಿನಲ್ಲಿ ಹೆಜ್ಜೆಯ ಗುರುತನ್ನೂ ಎಲೆಯ ಅಂಚನ್ನೂ ಗುರುತಿಸುವ ಕಣ್ಣನ್ನು ಕೊಟ್ಟಿತ್ತು. ಸಂಸ್ಕೃತಿಯು ಆ ಕಣ್ಣನ್ನೇ ಸಾಲಕ್ಕೆ ಪಡೆಯಿತು.

ಇದಕ್ಕೆ ಸಾಕ್ಷ್ಯ ಮನುಷ್ಯನಿಂದಾಚೆಗೂ ಸಿಕ್ಕುತ್ತದೆ. 2012ರಲ್ಲಿ ಫ್ರಾನ್ಸಿನಲ್ಲಿ ಆರು ಬಬೂನ್ ಕೋತಿಗಳಿಗೆ ನಾಲ್ಕು ನಾಲ್ಕು ರೋಮನ್ ಅಕ್ಷರಗಳ ಸಾಲುಗಳನ್ನು ತೋರಿಸಿ, ಇಂಗ್ಲಿಷಿನಲ್ಲಿ ಇರುವ ಪದ ಯಾವುದು, ಇಲ್ಲದ ಸಾಲು ಯಾವುದು ಎಂಬುದನ್ನು ಬೇರ್ಪಡಿಸುವುದನ್ನು ಅಭ್ಯಾಸ ಮಾಡಿಸಿದರು. ಅರ್ಥವಾಗಲಿ ಉಚ್ಚಾರಣೆಯಾಗಲಿ ಅವುಗಳಿಗೆ ತಿಳಿಯದಷ್ಟೆ. ಆದರೂ ಅವುಗಳಲ್ಲೊಂದು ಮುನ್ನೂರಕ್ಕೂ ಮೇಲ್ಪಟ್ಟು ಪದಗಳನ್ನು ಗುರುತಿಸಲು ಕಲಿತುಕೊಂಡಿತು. ಇನ್ನೊಂದು ಸಾಕ್ಷ್ಯ ಲಿಪಿಗಳದ್ದು. ನೂರಕ್ಕೂ ಹೆಚ್ಚು ಲಿಪಿಗಳನ್ನು ಪರಿಶೀಲಿಸಿದ ಮಾರ್ಕ್ ಚಾಂಗಿಜಿ ಮತ್ತು ಸಂಗಡಿಗರು, ಗೆರೆ ಗೆರೆ ಕೂಡುವ ಯಾವ ಬಗೆಗಳು ನಿಸರ್ಗದ ನೋಟಗಳಲ್ಲಿ ಹೆಚ್ಚೋ ಅವೇ ಲಿಪಿಗಳಲ್ಲಿಯೂ ಹೆಚ್ಚೆಂದು 2006ರಲ್ಲಿ ತೋರಿಸಿದರು. ಎಂದರೆ, ಮೆದುಳು ಅಕ್ಷರಕ್ಕೆ ಒಗ್ಗಿಕೊಂಡಂತೆಯೇ ಅಕ್ಷರವೂ ಮೆದುಳಿಗೆ ಒಗ್ಗಿಕೊಂಡಿದೆ. ತಲೆಮಾರು ತಲೆಮಾರಿನ ಲಿಪಿಕಾರರು ತಮಗೆ ಅರಿವಿಲ್ಲದೆಯೇ ಕಣ್ಣಿಗೆ ಹಿತವಾದ ಆಕಾರಗಳನ್ನು ಉಳಿಸಿ, ಹಿತವಲ್ಲದವನ್ನು ಬಿಡುತ್ತ ಬಂದರು.

ಆದರೆ ಎರವಲಿನ ಕೋಣೆಯಲ್ಲಿ ಹಳೆಯ ಯಜಮಾನನ ಸಾಮಾನುಗಳು ಉಳಿದಿರುವುದುಂಟು. ಮಕ್ಕಳಿಗೆ ಇಂಗ್ಲಿಷಿನ ಸಣ್ಣಕ್ಷರಗಳನ್ನು ಕಲಿಸಿದವರಿಗೆಲ್ಲ ಇದು ಗೊತ್ತು. ಮಗು ‘ಬಿ’ಯನ್ನು ‘ಡಿ’ ಎನ್ನುತ್ತದೆ, ‘ಡಿ’ಯನ್ನು ‘ಬಿ’ ಎನ್ನುತ್ತದೆ. ಒಮ್ಮೊಮ್ಮೆ ತನ್ನ ಹೆಸರನ್ನೇ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಬರೆಯುತ್ತದೆ. ನಾವು ಗದರುತ್ತೇವೆ. ಆದರೆ ತಪ್ಪು ಮಗುವಿನದಲ್ಲ. ಎಡದಿಂದ ಕಂಡ ಹುಲಿಯೂ ಬಲದಿಂದ ಕಂಡ ಹುಲಿಯೂ ಒಂದೇ ಹುಲಿಯೆಂದು ತಿಳಿಯದ ಪ್ರಾಣಿ ಬದುಕಿ ಉಳಿಯಲಾರದು. ಆದುದರಿಂದ ವಸ್ತುವನ್ನೂ ಅದರ ಪ್ರತಿಬಿಂಬವನ್ನೂ ಒಂದೆಂದೇ ಗ್ರಹಿಸುವುದನ್ನು ವಿಕಾಸವು ನಮ್ಮ ಕಣ್ಣಿಗೆ ಕಲಿಸಿದೆ. ಓದು ಕಲಿಯುವ ಮಗು, ಲಕ್ಷಾಂತರ ವರ್ಷಗಳ ಆ ಪಾಠವನ್ನು ಕೆಲವು ತಿಂಗಳುಗಳಲ್ಲಿ ಮರೆಯಬೇಕಾಗಿದೆ. ಎರಿಕ್ ಪೆಡರ್ಸನ್ ಎಂಬ ವಿದ್ವಾಂಸರು ತಮಿಳರಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪರಿಶೀಲನೆ ಇಲ್ಲಿ ಬಹಳ ಬೆಳಕನ್ನು ಕೊಡುತ್ತದೆ. ಪ್ರತಿಬಿಂಬದ ಜೋಡಿಗಳಿಲ್ಲದ ತಮಿಳು ಲಿಪಿಯೊಂದನ್ನೇ ಬಲ್ಲವರು, ಚಿತ್ರವನ್ನೂ ಅದರ ಪ್ರತಿಬಿಂಬವನ್ನೂ ನಿರಕ್ಷರರಂತೆಯೇ ಒಂದೆಂದು ಭಾವಿಸುವುದು ಹೆಚ್ಚು. ರೋಮನ್ ಲಿಪಿಯನ್ನೂ ಕಲಿತವರು ಬೇರೆಬೇರೆಯೆಂದು ಹೇಳುವುದು ಹೆಚ್ಚು. ಓದಿನಿಂದ ಮನಸ್ಸು ಮಾರ್ಪಡುವುದಷ್ಟೇ ಅಲ್ಲ, ಯಾವ ಲಿಪಿಯನ್ನು ಓದುತ್ತೇವೋ ಅದರ ಅವಶ್ಯಕತೆಗೆ ತಕ್ಕಂತೆ ಮಾರ್ಪಡುತ್ತದೆಂದು ಇದರಿಂದ ಊಹಿಸಬಹುದು. ‘ಬಿ’ ‘ಡಿ’ಗಳಂಥ ಜೋಡಿ ನಮ್ಮ ಕನ್ನಡದ ವರ್ಣಮಾಲೆಯಲ್ಲಿಯೂ ಇಲ್ಲ. ನಮ್ಮ ಮಕ್ಕಳ ಕಣ್ಣಿಗೆ ಬೇರೆಯ ಪರೀಕ್ಷೆಯುಂಟು: ದಕಾರದ ಹೊಟ್ಟೆಯ ಕೆಳಗೆ ಒಂದು ಸೀಳು ಬಿದ್ದರೆ ಧಕಾರ, ಬಕಾರಕ್ಕೆ ಬಿದ್ದರೆ ಭಕಾರ. ಸಾಸಿವೆಯಷ್ಟರ ಗೆರೆಯಲ್ಲಿ ಅರ್ಥವೇ ಬೇರೆಯಾಗುತ್ತದೆ.

ಅಕ್ಷರವು ಕಣ್ಣನ್ನು ಮಾತ್ರವಲ್ಲದೆ ಕಿವಿಯನ್ನೂ ತಿದ್ದುತ್ತದೆ. ‘ಕಮಲ’ ಎಂಬ ಮಾತಿನಿಂದ ಮೊದಲಿನ ‘ಕ’ವನ್ನು ತೆಗೆದುಹಾಕಿರೆಂದರೆ, ಓದು ಬಾರದವನೂ ಸ್ವಲ್ಪ ಯೋಚಿಸಿ ‘ಮಲ’ ಎಂದಾನು. ಆದರೆ ‘ಕ್’ ಎಂಬ ವ್ಯಂಜನವೊಂದನ್ನೇ ತೆಗೆದುಹಾಕಿರೆಂದರೆ? ‘ಅಮಲ’ ಎಂಬ ಉತ್ತರ ನಿಮಗೆ ತಟ್ಟನೆ ಹೊಳೆಯಬಹುದು. ಅದು ಹೊಳೆಯುವುದು ನಿಮಗೆ ಅಕ್ಷರ ಬರುವುದರಿಂದ. 1979ರಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್ಲಿನ ರೈತಾಪಿ ಜನರಲ್ಲಿ ಇಂಥ ಪರೀಕ್ಷೆಯನ್ನು ನಡೆಸಿದರು. ಅಕ್ಷರ ಬಾರದವರು ಬಹುತೇಕ ಸೋತರು. ಅದೇ ಊರಿನವರೇ ಆಗಿದ್ದು, ದೊಡ್ಡವರಾದ ಮೇಲೆ ಓದು ಕಲಿತವರು ಗೆದ್ದರು. 1986ರಲ್ಲಿ ಚೀನದಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿ ಗೊತ್ತಾಯಿತು. ಸಾವಿರಾರು ಚೀನೀ ಅಕ್ಷರಗಳನ್ನು ಬಲ್ಲ, ಆದರೆ ಧ್ವನಿಯನ್ನು ಬಿಡಿಸಿ ಬರೆಯುವ ರೋಮನ್ ಪದ್ಧತಿಯನ್ನು ಕಲಿಯದ ಹಿರಿಯರು ಈ ಪರೀಕ್ಷೆಯಲ್ಲಿ ಸೋತರು. ಅವರು ನಿರಕ್ಷರರಲ್ಲ, ದಡ್ಡರೂ ಅಲ್ಲ. ಅವರ ಲಿಪಿಯು ಆ ಕೆಲಸವನ್ನು ಅವರಿಂದ ಕೇಳಿರಲಿಲ್ಲ. ನಮ್ಮ ಲಿಪಿ ಈ ಎರಡರ ನಡುವಿನದು. ಇದರಲ್ಲಿ ಗುಣಿತಾಕ್ಷರವು ಒಂದೇ ಅಕ್ಷರವಾಗಿ ನಿಂತರೂ, ಅದರ ಒಡಲಲ್ಲಿ ಸ್ವರದ ಚಿಹ್ನೆ ಬೇರೆಯಾಗಿ ಕಾಣುತ್ತದೆ. ವರ್ಣಗಳು ಐವತ್ತರ ಆಸುಪಾಸಾದರೂ ಕಾಗುಣಿತ ಸೇರಿದರೆ ನಾನೂರನ್ನು ಮೀರುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡದ ಮಕ್ಕಳು ಇವನ್ನೆಲ್ಲ ಪೂರ್ತಿಯಾಗಿ ವಶಮಾಡಿಕೊಳ್ಳುವುದಕ್ಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳು ಹಿಡಿಯುತ್ತವೆಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪರಿಶೀಲನೆಯಿಂದ ತಿಳಿದುಬರುತ್ತದೆ. ಒಂದನೆಯ ತರಗತಿಯ ಮಗುವಿಗೆ ಇನ್ನೂ ಒತ್ತಕ್ಷರ ಹತ್ತಲಿಲ್ಲವೆಂದು ಕಳವಳಗೊಳ್ಳುವ ತಂದೆತಾಯಿಗಳು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಇಲ್ಲಿಯವರೆಗೆ ಕಣ್ಣು ಕಿವಿಗಳ ಮಾತಾಯಿತು. ವಿವೇಚನೆಯ ಗತಿಯೇನು? ಅಕ್ಷರ ಬಾರದವರಿಗೆ ತರ್ಕಶಕ್ತಿ ಕಡಮೆಯೆ? 1931 ಮತ್ತು 1932ರಲ್ಲಿ ಅಲೆಕ್ಸಾಂಡರ್ ಲೂರಿಯ ಎಂಬ ರಷ್ಯದ ಮನಶ್ಶಾಸ್ತ್ರಜ್ಞನು ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ರೈತರಿಗೆ ಇಂಥ ಪ್ರಶ್ನೆಗಳನ್ನು ಹಾಕಿದನು: ಹಿಮ ಬೀಳುವ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿಯವು, ಇಂಥ ದ್ವೀಪವು ದೂರದ ಉತ್ತರದಲ್ಲಿದೆ, ಅಲ್ಲಿಯ ಕರಡಿಗಳ ಬಣ್ಣವೇನು? ಓದದಿದ್ದ ರೈತರು, ತಾವು ಅಲ್ಲಿಗೆ ಹೋಗಿಲ್ಲವೆಂದೂ, ಕಾಣದುದನ್ನು ಹೇಳಲಾರೆವೆಂದೂ, ಹೋಗಿ ನೋಡಿಬಂದವರನ್ನು ಕೇಳಬೇಕೆಂದೂ ಉತ್ತರಕೊಟ್ಟರು. ಸ್ವಲ್ಪ ಕಾಲ ಶಾಲೆಗೆ ಹೋದವರು ಬಿಳಿಯ ಬಣ್ಣವೆಂದರು. ಇದನ್ನು ಓದಿದ ಕೆಲವರು, ಅಕ್ಷರವಿಲ್ಲದೆ ತರ್ಕವಿಲ್ಲವೆಂದು ತೀರ್ಮಾನಿಸಿಬಿಟ್ಟರು. ನಮಗಾದರೋ ಆ ರೈತರ ಉತ್ತರದಲ್ಲಿ ದಡ್ಡತನ ಕಾಣುವುದಿಲ್ಲ. ಕಣ್ಣಾರೆ ಕಾಣದುದಕ್ಕೆ ಸಾಕ್ಷಿ ಹೇಳಬಾರದೆಂಬ ಮರ್ಯಾದೆ ಕಾಣುತ್ತದೆ.

ತೀರ್ಮಾನವು ಅವಸರದ್ದೆಂಬುದು ಆಮೇಲೆ ಆಫ್ರಿಕದಲ್ಲಿ ಗೊತ್ತಾಯಿತು. ಲೈಬೀರಿಯದ ವಾಯಿ ಎಂಬ ಜನರಿಗೆ ತಮ್ಮದೇ ಆದ ಲಿಪಿಯುಂಟು. ಅದು 1830ರ ದಶಕದಲ್ಲಿ ಅವರಲ್ಲಿಯೇ ಹುಟ್ಟಿತು. ಅದನ್ನು ಕಲಿಯುವುದು ಶಾಲೆಯಲ್ಲಲ್ಲ, ಸ್ನೇಹಿತನ ಬಳಿಯೋ ನೆಂಟನ ಬಳಿಯೋ ಕುಳಿತು. ಹೀಗಾಗಿ ಅಕ್ಷರದ ಫಲ ಯಾವುದು, ಶಾಲೆಯ ಫಲ ಯಾವುದು ಎಂಬುದನ್ನು ಅಲ್ಲಿ ಬಿಡಿಸಿ ನೋಡಬಹುದಾಗಿತ್ತು. ಸಿಲ್ವಿಯ ಸ್ಕ್ರಿಬ್ನರ್, ಮೈಕೇಲ್ ಕೋಲ್ ಎಂಬಿಬ್ಬರು ಹಲವು ವರ್ಷ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬರುವುದೇನೆಂದರೆ, ವಾಯಿ ಲಿಪಿಯನ್ನು ಬಲ್ಲವರು ಆ ಲಿಪಿಗೆ ಸಂಬಂಧಪಟ್ಟ ಕೆಲವು ಕೆಲಸಗಳಲ್ಲಿ ಮಾತ್ರ ಇತರರಿಗಿಂತ ಮುಂದಿದ್ದರು. ಕರಡಿಯ ಪ್ರಶ್ನೆಯಂಥವುಗಳಲ್ಲಿ ಮುಂದಿದ್ದವರು ಶಾಲೆಗೆ ಹೋದವರು. ಮುಂದೆ ಇಟ್ಟ ಮಾತನ್ನು ಆ ಹೊತ್ತಿಗೆ ನಿಜವೆಂದು ಒಪ್ಪಿಕೊಂಡು ಉತ್ತರಿಸುವುದು ಶಾಲೆಯ ಒಂದು ಆಟ. ಆಟವನ್ನು ಆಡಿದವನಿಗೆ ಅದರ ನಿಯಮ ಗೊತ್ತು. ಅಕ್ಷರವಿಲ್ಲದವನು ಹೊಲದಲ್ಲಿಯೂ ಸಂತೆಯಲ್ಲಿಯೂ ತರ್ಕವಿಲ್ಲದೆ ಒಂದು ದಿನವೂ ಬಾಳಲಾರನು.

ಕೊನೆಗೆ ಉಳಿದದ್ದು ಒಂದು ಅಳುಕು. ಕೋಣೆಯನ್ನು ಅಕ್ಷರಕ್ಕೆ ಬಿಟ್ಟುಕೊಟ್ಟರೆ ಹಳೆಯ ಯಜಮಾನನಿಗೆ ನಷ್ಟವಿಲ್ಲವೆ? 2010ರಲ್ಲಿ ಪೋರ್ಚುಗಲ್ ಮತ್ತು ಬ್ರೆಜಿಲ್ ದೇಶಗಳ 63 ಮಂದಿ ವಯಸ್ಕರನ್ನು ದೆಹೇನರ ತಂಡದವರು ಪರೀಕ್ಷಿಸಿದರು. ಅವರಲ್ಲಿ 10 ಮಂದಿ ನಿರಕ್ಷರರು, 22 ಮಂದಿ ದೊಡ್ಡವರಾದ ಮೇಲೆ ಕಲಿತವರು, 31 ಮಂದಿ ಬಾಲ್ಯದಲ್ಲಿ ಶಾಲೆಗೆ ಹೋದವರು. ಓದು ಹೆಚ್ಚಿದಂತೆ ಅಕ್ಷರದ ಎಡೆಯೂ, ನೋಟದ ಮೊದಲ ಮಜಲುಗಳೂ, ಮಾತನ್ನು ಕೇಳುವ ಭಾಗವೂ ಚುರುಕಾಗುತ್ತವೆಂದು ಕಂಡಿತು. ಅದರ ಜೊತೆಗೆ, ಆ ಎಡೆಯಲ್ಲಿ ಮುಖಗಳಿಗೆ ದೊರೆಯುತ್ತಿದ್ದ ಪ್ರತಿಕ್ರಿಯೆ ಸ್ವಲ್ಪ ತಗ್ಗುತ್ತದೆಂದೂ ಕಂಡಿತು. ಅಕ್ಷರ ಬಂದರೆ ಮುಖ ಮರೆಯುವುದೆಂದು ಕೆಲವರು ಹೆದರಿದರು. ಆದರೆ ನಮ್ಮ ದೇಶದ ಉತ್ತರಪ್ರದೇಶದ ಜನರನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಅಂಥ ನಷ್ಟ ಕಂಡುಬರಲಿಲ್ಲ. ಹಳೆಯ ಕೆಲಸ ಕೆಡದೆ ಹೊಸ ಕೆಲಸ ಕೂಡಿಕೊಂಡಿತ್ತು. ಈ ಚರ್ಚೆ ಇನ್ನೂ ಮುಗಿದಿಲ್ಲ.

ಆದರೆ ಎರಡೂ ಪಕ್ಷದವರು ಒಪ್ಪುವ ಒಂದು ಮಾತಿದೆ; ನಾವು ಈ ಉಪನ್ಯಾಸಕ್ಕೆ ಕುಳಿತದ್ದೇ ಅದಕ್ಕಾಗಿ. ವಯಸ್ಸಾದ ಮೆದುಳೂ ಕಲಿಯುತ್ತದೆ. ಲಖ್ನೋ ಪಟ್ಟಣದ ಸಮೀಪದ ಹಳ್ಳಿಗಳಲ್ಲಿ, ಓದುಬರಹವೇ ಇಲ್ಲದಿದ್ದ, ಮೂವತ್ತರ ಆಸುಪಾಸಿನ ವಯಸ್ಸಿನ ಜನರಿಗೆ, ಅವರಲ್ಲಿ ಬಹುಮಂದಿ ಹೆಂಗಸರಿಗೆ, ಆರು ತಿಂಗಳ ಕಾಲ ದೇವನಾಗರಿ ಅಕ್ಷರಗಳನ್ನು ಕಲಿಸಿ, ಮೊದಲೂ ಆಮೇಲೂ ಅವರ ಮೆದುಳನ್ನು ಪರೀಕ್ಷಿಸಿದ ವೃತ್ತಾಂತ 2017ರಲ್ಲಿ ಪ್ರಕಟವಾಯಿತು. ಅಷ್ಟು ಅಲ್ಪಕಾಲದಲ್ಲಿಯೇ ಮೆದುಳಿನ ಮೇಲ್ಪದರವೂ ಆಳದ ಬಹು ಪುರಾತನ ಭಾಗಗಳೂ ಪರಸ್ಪರ ವ್ಯವಹರಿಸುವ ರೀತಿ ಬದಲಾಗಿತ್ತು. ಅವರ ತಾಯಿತಂದೆಗಳಿಗೆ ಅಕ್ಷರ ಬರುತ್ತಿತ್ತೋ ಇಲ್ಲವೋ ಎಂದು ಮೆದುಳು ಕೇಳಲಿಲ್ಲ.

ಹಾಗಾದರೆ ಓದಿನ ವಿಷಯದಲ್ಲಿ ಹುಟ್ಟಿಗೆ ಏನೂ ಪಾಲಿಲ್ಲವೆ ಎಂದರೆ, ಉಂಟು. ಎರವಲು ಪಡೆಯುವ ಕೋಣೆ ಎಲ್ಲರಲ್ಲಿಯೂ ಒಂದೇ ಎಡೆಯಲ್ಲಿದ್ದರೂ, ಒಬ್ಬೊಬ್ಬರ ಕೋಣೆಗೆ ಬೆಳಕು ಒಂದೊಂದು ಬಗೆ. ಎಲ್ಲ ವಿಷಯದಲ್ಲಿಯೂ ಜಾಣನಾದ ಮಗು ಓದುವುದರಲ್ಲಿ ಮಾತ್ರ ತೊಡರುವುದುಂಟು. ಆ ತೊಡಕು ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಾಣಬರುತ್ತದೆ. ಅಂಥ ಮಗುವಿಗೆ ಬೇಕಾದದ್ದು ಬೆತ್ತವಲ್ಲ, ಹೆಚ್ಚಿನ ಕಾಲ ಮತ್ತು ಹೆಚ್ಚಿನ ಅಭ್ಯಾಸ. ನಮ್ಮ ಹಿರಿಯರು ಮಕ್ಕಳಿಗೆ ಮರಳ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಮರಿಯ ಮಾಂಟೆಸ್ಸರಿ ಮಹಾಶಯೆಯು ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳನ್ನು ಆಡಿಸುತ್ತಿದ್ದಳು. ಪ್ಯಾರಿಸಿನ ಆ ರೋಗಿಯ ಕಣ್ಣು ಸೋತಾಗ ಬೆರಳು ಓದಿದ್ದನ್ನು ನೆನೆದರೆ, ಮರಳ ಮೇಲಣ ಆ ಪಾಠಕ್ಕೆ ಒಳ್ಳೆಯ ಕಾರಣವಿತ್ತೆಂದು ತೋರುತ್ತದೆ. ಒಟ್ಟಿನಲ್ಲಿ, ವ್ಯಕ್ತಿ ವ್ಯಕ್ತಿಗೆ ವ್ಯತ್ಯಾಸವುಂಟೆಂಬುದು ಬೇರೆ ಮಾತು. ಒಂದು ಹಟ್ಟಿಗೆ, ಒಂದು ಕುಲಕ್ಕೆ ಅಕ್ಷರ ಹತ್ತುವುದಿಲ್ಲವೆಂಬುದು ಬೇರೆ ಮಾತು. ಮೊದಲನೆಯದು ದಿಟ. ಎರಡನೆಯದು ಅಕ್ಷರವನ್ನು ಕಲಿಸದೆ ಇದ್ದವರು ತಮ್ಮ ಸಮಾಧಾನಕ್ಕಾಗಿ ಕಟ್ಟಿಕೊಂಡ ಮಾತು.

1935ರಲ್ಲಿ ಮೈಸೂರಿನಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದಾಗ, ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದು ನಮಗೆ ಈ ಸಂದರ್ಭದಲ್ಲಿ ನೆನಪಿಗೆ ಬರುತ್ತದೆ. ಓದುಬಾರದವರ ಮನಸ್ಸಿಗೂ ಮಾತು ಮುಟ್ಟುವ ದಾರಿ ಇದು. ಆ ದಾರಿಯಲ್ಲಿ ನಮ್ಮ ಮಾತು ಆ ವೃದ್ಧೆಯ ಜಗಲಿಗೂ ತಲಪೀತೆಂಬ ಆಸೆಯಿಂದ, ಆ ದಿನ ಕೊಡದೆಹೋದ ಉತ್ತರವನ್ನು ಈಗ ಕೊಡುತ್ತೇವೆ. ಅವ್ವ, ಅದು ರಕ್ತದಲ್ಲಿ ಬರುವುದಲ್ಲ. ಯಾರ ರಕ್ತದಲ್ಲಿಯೂ ಬಂದಿಲ್ಲ. ಮುನ್ನೂರು ಪದಗಳನ್ನು ನೆನಪಿಟ್ಟ ತಲೆಗೆ ಐವತ್ತು ಅಕ್ಷರ ಹೊರೆಯಲ್ಲ. ನಿನ್ನ ಅಪ್ಪನಿಗೆ ಅದು ಹತ್ತಲಿಲ್ಲವೆನ್ನುವೆ. ಅವನ ಮುಂದೆ ಮರಳನ್ನು ಹರಡಿ ಬೆರಳನ್ನು ಹಿಡಿದವರಾದರೂ ಯಾರು? ನಾವು ಕೂಡ ಆ ದಿನ ನಿನ್ನ ಕಾಗದವನ್ನು ತುಂಬಿಕೊಟ್ಟೆವೇ ಹೊರತು, ನಿನ್ನ ಹೆಸರಿನ ಮೊದಲಕ್ಷರವನ್ನು ತೋರಿಸಿಕೊಡಲಿಲ್ಲ. ಹೊತ್ತಿರಲಿಲ್ಲವೆಂದಲ್ಲ, ಹೊಳೆಯಲಿಲ್ಲ.

ಈ ಮಾತನ್ನು ಕೇಳುತ್ತಿರುವವರಲ್ಲಿ ಓದುಬಲ್ಲವರು ಬಹುಮಂದಿ ಇರಬಹುದು. ಇನ್ನು ಮುಂದೆ ಯಾರಾದರೂ ಒಂದು ಕಾಗದವನ್ನು ತಮ್ಮ ಮುಂದೆ ಹಿಡಿದಾಗ ತುಂಬಿಕೊಡಿರಿ. ಬಿಡುವಿದ್ದರೆ, ಅವರ ಹೆಸರನ್ನು ದೊಡ್ಡದಾಗಿ ಬರೆದು, ಅದರ ಮೇಲೆ ಅವರ ಬೆರಳನ್ನು ಒಂದು ಸಾರಿ ಆಡಿಸಿರಿ.